ಲೆಕ್ಕಕ್ಕೆ ಸಿಗದ ಸುಸ್ತು: ಸಕ್ಕರೆ ಕಾಯಿಲೆ ಮತ್ತು ಹೆಂಗಸರ ಹೃದಯದ ಒಂದು ಚರಿತ್ರೆ



ವೈದ್ಯನನ್ನು ಭಾಷಣಕ್ಕೆ ಕರೆದರೆ ಅನ್ನ ಕಡಿಮೆ ಮಾಡಿ, ನಡೆಯಿರಿ ಎಂದು ಬುದ್ಧಿ ಹೇಳುತ್ತಾನೆ ಎಂಬ ಭಯ ನಿಮಗಿರಬಹುದು. ಇವತ್ತು ಅದನ್ನು ಹೇಳುವುದಿಲ್ಲ. ಒಂದು ಚರಿತ್ರೆ ಹೇಳುತ್ತೇನೆ. ಅದಕ್ಕೆ ಮೊದಲು ನನ್ನ ಮನೆಯ ಒಂದು ಸಣ್ಣ ಸಂಗತಿ.

ನಾನು ಗಲ್ಫಿಗೆ ಬಂದು ಇಪ್ಪತ್ತು ವರ್ಷ ದಾಟಿತು. ಮೊದಲ ಹತ್ತು ವರ್ಷ ಪ್ರತಿ ಶುಕ್ರವಾರ ಬೆಳಿಗ್ಗೆ ತಿಪಟೂರಿನಲ್ಲಿದ್ದ ಅಮ್ಮನಿಗೆ ಫೋನ್ ಮಾಡುತ್ತಿದ್ದೆ. ಮೊದಲ ಪ್ರಶ್ನೆ ಯಾವಾಗಲೂ ಒಂದೇ: “ಶುಗರ್ ಎಷ್ಟಿದೆಯಮ್ಮ?” ಅಮ್ಮ ಒಂದು ಸಂಖ್ಯೆ ಹೇಳುತ್ತಿದ್ದಳು. ಸಂಖ್ಯೆ ಚೆನ್ನಾಗಿದ್ದರೆ ನನಗೆ ಸಮಾಧಾನ. ಆಮೇಲೆ ಮಾತು ಮಳೆಗೆ, ತೆಂಗಿಗೆ, ನೆಂಟರ ಮದುವೆಗೆ ಹೋಗುತ್ತಿತ್ತು. ನಡುವೆ ಎಲ್ಲೋ ಒಮ್ಮೆ, “ಸ್ವಲ್ಪ ಸುಸ್ತು ಕಣಪ್ಪ, ವಯಸ್ಸಾಯ್ತಲ್ಲ” ಅನ್ನುತ್ತಿದ್ದಳು. ನಾನು ಹೂಂ ಅನ್ನುತ್ತಿದ್ದೆ.

ಒಂದು ರಜೆಗೆ ಊರಿಗೆ ಹೋದಾಗ ಅಮ್ಮ ಹಾಸಿಗೆ ಬಿಟ್ಟು ನಡುಮನೆಯ ಕುರ್ಚಿಯಲ್ಲಿ ಕೂತೇ ನಿದ್ದೆ ಮಾಡುತ್ತಿದ್ದಳು. ಮಲಗಿದರೆ ಉಸಿರು ಕಟ್ಟುತ್ತದೆ ಎಂದಳು. ಎಷ್ಟು ದಿನದಿಂದ ಎಂದು ಕೇಳಿದರೆ, “ಹಬ್ಬ ಕಳೆದ ಮೇಲಿಂದ” ಎಂಬ ಉತ್ತರ. ಪಾದ ಊದಿಕೊಂಡು ಚಪ್ಪಲಿ ಹಿಡಿಸುತ್ತಿರಲಿಲ್ಲವಾದ್ದರಿಂದ ಅಪ್ಪನ ಹಳೆಯ ಚಪ್ಪಲಿ ಹಾಕಿಕೊಂಡಿದ್ದಳು. ದಿನವೂ ಇಂಥದೇ ರೋಗಿಗಳನ್ನು ನೋಡುವ ಮಗ ನಾನು. ಎಷ್ಟೋ ತಿಂಗಳು ಫೋನಿನಲ್ಲಿ ಸಕ್ಕರೆಯನ್ನು ಲೆಕ್ಕ ಹಾಕಿದ್ದೆ, ಅಮ್ಮನ ಮಾತನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಆಮೇಲೆ ಅಮ್ಮ ಮೂರು ವರ್ಷ ಬದುಕಿದಳು. ಮೊದಲೇ ಗೊತ್ತಾಗಿದ್ದರೆ ಇನ್ನೆಷ್ಟು ವರ್ಷವೋ ಎಂಬ ಪ್ರಶ್ನೆ ನನ್ನ ಜೊತೆಗೇ ಇದೆ.

ಅಮ್ಮನಿಗಿದ್ದ ಕಾಯಿಲೆಯ ಹೆಸರು ಹಾರ್ಟ್ ಫೇಲ್ಯೂರ್, ಕನ್ನಡದಲ್ಲಿ ಹೃದಯ ವೈಫಲ್ಯ. ಹೆಸರು ಕೇಳಿದರೆ ಹೃದಯ ನಿಂತೇಹೋಯಿತು ಅನ್ನಿಸುತ್ತದೆ. ಹಾಗಲ್ಲ. ಹಾರ್ಟ್ ಅಟ್ಯಾಕ್ ಆದರೆ ರಕ್ತನಾಳ ಕಟ್ಟಿಕೊಂಡು ಇದ್ದಕ್ಕಿದ್ದಂತೆ ಆಗುವಂಥದು. ಇದು ನಿಧಾನದ ಕಾಯಿಲೆ. ಮೈಗೆ ಬೇಕಾದಷ್ಟು ರಕ್ತವನ್ನು ಹೃದಯ ಸರಾಗವಾಗಿ ತಳ್ಳಲಾರದು, ಇಲ್ಲವೇ ತುಂಬಿಕೊಳ್ಳಲಾರದು. ನೀರು ಕಾಲಿಗೆ ಇಳಿಯುತ್ತದೆ, ಶ್ವಾಸಕೋಶದಲ್ಲಿ ನಿಲ್ಲುತ್ತದೆ. ಸಕ್ಕರೆ ಕಾಯಿಲೆ ಇದ್ದವರಿಗೆ ಇದು ಹೆಚ್ಚು. ಅದರಲ್ಲೂ ಸಕ್ಕರೆ ಕಾಯಿಲೆ ಹೆಂಗಸರ ಹೃದಯಕ್ಕೆ ಗಂಡಸರಿಗಿಂತ ಜೋರಾಗಿ ಪೆಟ್ಟು ಕೊಡುತ್ತದೆ. ಈ ಮಾತು ವೈದ್ಯಲೋಕಕ್ಕೆ ಯಾವಾಗ ಗೊತ್ತಾಯಿತು, ಗೊತ್ತಾದ ಮೇಲೆ ಏನಾಯಿತು ಎಂಬುದೇ ಇವತ್ತಿನ ವಿಷಯ.

ಕಥೆ ಶುರುವಾಗುವುದು ಒಬ್ಬ ದೊಡ್ಡ ಮನುಷ್ಯನ ಸಾವಿನಿಂದ. 1944ರ ಮಾರ್ಚಿನಲ್ಲಿ ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರನ್ನು ಪರೀಕ್ಷಿಸಿದ ಹೃದಯತಜ್ಞ ಹೊವರ್ಡ್ ಬ್ರೂಯೆನ್ ಅವರಿಗೆ ಕಂಡದ್ದು ವಿಪರೀತ ರಕ್ತದೊತ್ತಡ ಮತ್ತು ಹೃದಯ ವೈಫಲ್ಯ. ಮುಂದಿನ ವರ್ಷ ಏಪ್ರಿಲ್ 12ರಂದು ರೂಸ್‌ವೆಲ್ಟ್ ತೀರಿಕೊಂಡಾಗ ಅವರ ಬಿ.ಪಿ. 300ರ ಮೇಲೆ 190 ಇತ್ತು. ಜಗತ್ತಿನ ಅತಿ ಬಲಿಷ್ಠ ದೇಶದ ಅಧ್ಯಕ್ಷನನ್ನು ಉಳಿಸಿಕೊಳ್ಳಲು ಬೇಕಾದ ಔಷಧವಾಗಲಿ ತಿಳಿವಳಿಕೆಯಾಗಲಿ ಆಗ ಇರಲಿಲ್ಲ. 1948ರಲ್ಲಿ ಅವರ ಉತ್ತರಾಧಿಕಾರಿ ಟ್ರೂಮನ್ ರಾಷ್ಟ್ರೀಯ ಹೃದಯ ಕಾಯ್ದೆಗೆ ಸಹಿ ಹಾಕಿದರು. ಅದೇ ವರ್ಷ ಬೋಸ್ಟನ್ ನಗರದ ಪಶ್ಚಿಮಕ್ಕಿರುವ ಫ್ರಾಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ ಒಂದು ಅಧ್ಯಯನ ಶುರುವಾಯಿತು.

ಅಧ್ಯಯನದ ಉಪಾಯ ಸರಳ. ಕಾಯಿಲೆ ಬಂದವರನ್ನು ಆಸ್ಪತ್ರೆಯಲ್ಲಿ ನೋಡುವ ಬದಲು, ಆರೋಗ್ಯವಾಗಿರುವ ಊರಿನವರನ್ನೇ ಎರಡು ವರ್ಷಕ್ಕೊಮ್ಮೆ ಪರೀಕ್ಷಿಸುತ್ತ ಹೋಗುವುದು. ಯಾರಿಗೆ ಏನು ಬಂತು, ಬರುವ ಮೊದಲು ಅವರಲ್ಲಿ ಏನಿತ್ತು ಎಂದು ಬರೆದಿಡುವುದು. ಮೊದಲ ತಂಡದಲ್ಲಿ 5,209 ಜನ. ಅದರಲ್ಲಿ ಗಂಡಸರು 2,336, ಹೆಂಗಸರು 2,873. ಈ ಎರಡು ಸಂಖ್ಯೆಗಳನ್ನು ದಯವಿಟ್ಟು ನೆನಪಿಡಿ. ಹೃದ್ರೋಗವೆಂದರೆ ಕೆಲಸದ ಒತ್ತಡದಲ್ಲಿರುವ ಗಂಡಸಿನ ಕಾಯಿಲೆ ಎಂದು ನಂಬಿದ್ದ ಕಾಲದಲ್ಲಿ, ಈ ಊರಿನ ಲೆಕ್ಕದ ಪುಸ್ತಕದಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರಿದ್ದರು. ಮುಂದಿನದೆಲ್ಲ ಸಾಧ್ಯವಾದದ್ದು ಅದರಿಂದ.

ಹೃದಯ ವೈಫಲ್ಯವನ್ನು ಎಣಿಸಬೇಕಾದರೆ ಯಾವುದನ್ನು ಹಾಗೆ ಕರೆಯಬೇಕೆಂದು ಮೊದಲು ಗೊತ್ತಾಗಬೇಕು. 1971ರಲ್ಲಿ ಫ್ರಾಮಿಂಗ್‌ಹ್ಯಾಮ್‌ನ ವೈದ್ಯರು ಅದಕ್ಕೊಂದು ಪಟ್ಟಿ ಮಾಡಿದರು. ರಾತ್ರಿ ಉಸಿರು ಕಟ್ಟಿ ಎಚ್ಚರವಾಗುವುದು, ಕತ್ತಿನ ರಕ್ತನಾಳ ಉಬ್ಬುವುದು ಮುಂತಾದವು ದೊಡ್ಡ ಲಕ್ಷಣಗಳು. ಕಾಲು ಊತ, ರಾತ್ರಿ ಕೆಮ್ಮು, ನಡೆದರೆ ಏದುಸಿರು ಸಣ್ಣ ಲಕ್ಷಣಗಳು. ಎರಡು ದೊಡ್ಡವು, ಇಲ್ಲವೇ ಒಂದು ದೊಡ್ಡದರ ಜೊತೆ ಎರಡು ಸಣ್ಣವು ಇದ್ದರೆ ಹೃದಯ ವೈಫಲ್ಯ. ಇಂದಿಗೂ ವೈದ್ಯ ವಿದ್ಯಾರ್ಥಿಗಳು ಇದನ್ನು ಬಾಯಿಪಾಠ ಮಾಡುತ್ತಾರೆ. ನಾನೂ ಮಾಡಿದ್ದೆ. ಅಮ್ಮ ಶುಕ್ರವಾರ ಶುಕ್ರವಾರ ನನಗೆ ಹೇಳುತ್ತಿದ್ದುದು ಆ ಪಟ್ಟಿಯನ್ನೇ, ತನ್ನ ಭಾಷೆಯಲ್ಲಿ.

1972ರಲ್ಲಿ ಶಿರ್ಲಿ ರೂಬ್ಲರ್ ಎಂಬ ವೈದ್ಯೆ ಮತ್ತು ಅವರ ಸಂಗಡಿಗರು ಒಂದು ಪುಟ್ಟ ವರದಿ ಪ್ರಕಟಿಸಿದರು. ಸಕ್ಕರೆ ಕಾಯಿಲೆಯಿದ್ದು ಹೃದಯ ವೈಫಲ್ಯದಿಂದ ತೀರಿಕೊಂಡ ಬರೀ ನಾಲ್ಕು ಜನರ ಮರಣೋತ್ತರ ಪರೀಕ್ಷೆ ಅದು. ಅವರ ಹೃದಯದ ದೊಡ್ಡ ರಕ್ತನಾಳಗಳು ಕಟ್ಟಿರಲಿಲ್ಲ, ಆದರೂ ಹೃದಯದ ಸ್ನಾಯು ಕೆಟ್ಟಿತ್ತು. ಸಕ್ಕರೆಯೇ ನೇರವಾಗಿ ಸ್ನಾಯುವನ್ನು ಹಾಳು ಮಾಡುತ್ತದೆಯೇ ಎಂಬ ಪ್ರಶ್ನೆ ಹುಟ್ಟಿತು. ನಾಲ್ಕು ಜನರಿಂದ ಉತ್ತರ ಹೇಳಲಾಗದು. ಉತ್ತರಕ್ಕೆ ಒಂದು ಊರೇ ಬೇಕಿತ್ತು.

1974ರಲ್ಲಿ ಆ ಊರಿನ ಉತ್ತರ ಬಂತು. ಅಧ್ಯಯನದ ಮುಖ್ಯಸ್ಥ ವಿಲಿಯಂ ಕ್ಯಾನೆಲ್ ಮತ್ತು ಸಂಗಡಿಗರು 18 ವರ್ಷಗಳ ದಾಖಲೆಯನ್ನು ಬಿಡಿಸಿ ನೋಡಿದರು. 45ರಿಂದ 74ರ ವಯಸ್ಸಿನಲ್ಲಿ, ಸಕ್ಕರೆ ಕಾಯಿಲೆಯಿಲ್ಲದ ಗಂಡಸರಿಗೆ ಹೋಲಿಸಿದರೆ ಅದಿರುವ ಗಂಡಸರಲ್ಲಿ ಹೃದಯ ವೈಫಲ್ಯ ಎರಡು ಪಟ್ಟಿಗಿಂತ ಹೆಚ್ಚು. ಹೆಂಗಸರಲ್ಲಿ ಅದೇ ಹೋಲಿಕೆ ಮಾಡಿದರೆ ಐದು ಪಟ್ಟು. ವಯಸ್ಸು, ಬಿ.ಪಿ., ತೂಕ, ಕೊಲೆಸ್ಟರಾಲ್, ರಕ್ತನಾಳದ ಕಾಯಿಲೆ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದ ಮೇಲೂ ಸಕ್ಕರೆಯ ಪಾಲು ಉಳಿಯಿತು. ಸಕ್ಕರೆ ಕಾಯಿಲೆಯ ಹೆಂಗಸರು ವಿಶೇಷವಾಗಿ ಅಪಾಯದಲ್ಲಿದ್ದಾರೆ ಎಂದು ಅವರು ಸ್ಪಷ್ಟವಾಗಿಯೇ ಬರೆದರು.

ಈ “ಪಟ್ಟು” ಎಂಬ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸಾಮಾನ್ಯವಾಗಿ ಹೆಂಗಸರಿಗೆ ಹೃದಯದ ಕಾಯಿಲೆ ಗಂಡಸರಿಗಿಂತ ಕೆಲವು ವರ್ಷ ತಡವಾಗಿ ಬರುತ್ತದೆ. ಪ್ರಕೃತಿ ಕೊಟ್ಟ ಬಳುವಳಿ ಅದು. ಸಕ್ಕರೆ ಕಾಯಿಲೆ ಬಂತೆಂದರೆ ಆ ಬಳುವಳಿ ಕರಗಿಹೋಗುತ್ತದೆ. ಐದು ಪಟ್ಟಿನ ಹಿಂದಿರುವ ಅರ್ಥ ಇದು.

ಇಷ್ಟು ಸ್ಪಷ್ಟವಾದ ಮಾತು 1974ರಲ್ಲೇ ಅಚ್ಚಾದ ಮೇಲೆ ಔಷಧ ಪ್ರಯೋಗಗಳು ಹೆಂಗಸರ ಕಡೆ ತಿರುಗಬೇಕಿತ್ತು. ಆದದ್ದು ಬೇರೆ. ಅಮೆರಿಕದಲ್ಲಿ ಹೃದ್ರೋಗ ತಡೆಯುವ ಬಗೆ ಹುಡುಕಲು ನಡೆದ ಭಾರಿ ಪ್ರಯೋಗ ಎಂ.ಆರ್.ಎಫ್.ಐ.ಟಿ.ಯಲ್ಲಿ 12,866 ಜನ, ಎಲ್ಲರೂ ಗಂಡಸರು. ಆಸ್ಪಿರಿನ್ ಹೃದಯಾಘಾತ ತಡೆಯುತ್ತದೆಯೇ ಎಂದು ನೋಡಿದ ಪ್ರಯೋಗದಲ್ಲಿ 22,071 ವೈದ್ಯರು, ಎಲ್ಲರೂ ಗಂಡಸರು. ಹೃದಯ ವೈಫಲ್ಯದಲ್ಲಿ ಔಷಧದಿಂದ ಆಯುಷ್ಯ ಹೆಚ್ಚಬಹುದೆಂದು ತೋರಿಸಿದ 1986ರ ವಿ-ಹೆಫ್ಟ್ ಪ್ರಯೋಗದಲ್ಲಿ 642 ಜನ, ಅವರೂ ಗಂಡಸರೇ, ಮಾಜಿ ಸೈನಿಕರು.

ಇದರ ಹಿಂದೆ ಯಾರದೂ ದುರುದ್ದೇಶವಿರಲಿಲ್ಲ ಎಂದೇ ನಾನು ತಿಳಿದಿದ್ದೇನೆ. ಬಸುರಿಯರು ತೆಗೆದುಕೊಂಡ ಥಾಲಿಡೊಮೈಡ್ ಮಾತ್ರೆಯಿಂದ ಕೈಕಾಲು ಬೆಳೆಯದ ಮಕ್ಕಳು ಹುಟ್ಟಿದ್ದನ್ನು ಜಗತ್ತು 1960ರ ದಶಕದ ಆರಂಭದಲ್ಲಿ ಕಂಡಿತ್ತು. 1977ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ, ಮಕ್ಕಳಾಗುವ ವಯಸ್ಸಿನ ಹೆಂಗಸರನ್ನು ಹೊಸ ಔಷಧಗಳ ಮೊದಲ ಹಂತದ ಪ್ರಯೋಗಗಳಿಂದ ದೂರವಿಡಿ ಎಂದು ಸೂಚಿಸಿತು. ಇನ್ನೊಂದು ಕಾರಣ ವಯಸ್ಸು. ಹೆಂಗಸರಿಗೆ ಹೃದಯದ ಕಾಯಿಲೆ ತಡವಾಗಿ ಬರುತ್ತದೆ, ಆದರೆ ಎಷ್ಟೋ ಪ್ರಯೋಗಗಳು ವಯಸ್ಸಾದವರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ರಕ್ಷಿಸಬೇಕೆಂದು ಹೊರಗಿಟ್ಟರು, ಹೊರಗಿಟ್ಟದ್ದರಿಂದ ರಕ್ಷಣೆ ಸಿಗಲಿಲ್ಲ. ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳ ವಿಷಯದಲ್ಲಿ ಹೀಗಾಗುವುದನ್ನು ನಾವೆಲ್ಲ ನೋಡಿದ್ದೇವೆ.

1991ರಲ್ಲಿ ಬರ್ನಡೀನ್ ಹೀಲಿ ಎಂಬ ಹೃದ್ರೋಗ ತಜ್ಞೆ ಇದನ್ನು ಬಹಿರಂಗವಾಗಿ ಹೇಳಿದರು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಮುಖ್ಯಸ್ಥರಾದ ಮೊದಲ ಮಹಿಳೆ ಅವರು. ತನ್ನ ಕಾಯಿಲೆಯೂ ಗಂಡಸಿನ ಕಾಯಿಲೆಯಷ್ಟೇ ತೀವ್ರ ಎಂದು ತೋರಿಸಿಕೊಂಡ ಮೇಲಷ್ಟೇ ಹೆಂಗಸಿಗೆ ಗಂಡಸಿನಂಥ ಚಿಕಿತ್ಸೆ ಸಿಗುತ್ತದೆ ಎಂಬುದು ಅವರ ದೂರು. 1993ರಲ್ಲಿ ಕಾನೂನೇ ಬಂತು: ಸರ್ಕಾರದ ಹಣದಲ್ಲಿ ನಡೆಯುವ ಪ್ರಯೋಗಗಳಲ್ಲಿ ಹೆಂಗಸರು ಇರಲೇಬೇಕು.

ಹೆಂಗಸರನ್ನು ಸೇರಿಸಿದರೆ ಸಾಲದು, ಪ್ರತ್ಯೇಕವಾಗಿ ಎಣಿಸಲೂ ಬೇಕು ಎಂಬುದಕ್ಕೆ ಒಂದು ಹಳೆಯ ಔಷಧದ ಕಥೆ ಸಾಕ್ಷಿ. 1775ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್ ಅವರ ಬಳಿಗೆ ಮೈಯೂತಕ್ಕೆ ಕೊಡುವ ಒಂದು ಮನೆಮದ್ದಿನ ವಿಷಯ ಬಂತು. ಶ್ರಾಪ್‌ಶೈರಿನ ಒಬ್ಬ ಮುದುಕಿ ಗುಟ್ಟಾಗಿ ಇಟ್ಟುಕೊಂಡಿದ್ದ ಮದ್ದು ಅದು. ಅದರಲ್ಲಿದ್ದ ಹಲವು ಸೊಪ್ಪುಗಳಲ್ಲಿ ಕೆಲಸ ಮಾಡುತ್ತಿದ್ದುದು ಫಾಕ್ಸ್‌ಗ್ಲೋವ್ ಗಿಡದ ಎಲೆ ಎಂದು ವಿದರಿಂಗ್ ಕಂಡುಕೊಂಡು 1785ರಲ್ಲಿ ಪುಸ್ತಕ ಬರೆದರು. ಮುದುಕಿಯ ಹೆಸರು ಅದರಲ್ಲಿಲ್ಲ. ರೂಸ್‌ವೆಲ್ಟ್ ಅವರಿಗೆ ಕೊಟ್ಟದ್ದು ಆ ಗಿಡದ ಔಷಧವನ್ನೇ. ಅದರ ಇಂದಿನ ರೂಪವಾದ ಡಿಜಾಕ್ಸಿನ್ ಮಾತ್ರೆಯನ್ನು 6,800 ರೋಗಿಗಳಲ್ಲಿ ಪರೀಕ್ಷಿಸಿದ ಫಲಿತಾಂಶ 1997ರಲ್ಲಿ ಬಂತು: ಸಾವು ಕಡಿಮೆಯಾಗಲಿಲ್ಲ, ಹೆಚ್ಚಾಗಲೂ ಇಲ್ಲ, ಆಸ್ಪತ್ರೆಗೆ ಸೇರುವುದು ಕಡಿಮೆಯಾಯಿತು. ಅವರಲ್ಲಿ ಹೆಂಗಸರು ಕಾಲು ಭಾಗಕ್ಕಿಂತ ಕಡಿಮೆ. 2002ರಲ್ಲಿ ಬೇರೆ ಸಂಶೋಧಕರು ಅದೇ ದಾಖಲೆಯಲ್ಲಿ ಹೆಂಗಸರನ್ನು ಬೇರೆಯಾಗಿ ಎಣಿಸಿದರು. ಸುಳ್ಳುಮಾತ್ರೆ ತೆಗೆದುಕೊಂಡ ಹೆಂಗಸರಲ್ಲಿ ಶೇ. 28.9 ಜನ ತೀರಿಕೊಂಡಿದ್ದರೆ, ಡಿಜಾಕ್ಸಿನ್ ತೆಗೆದುಕೊಂಡವರಲ್ಲಿ ಶೇ. 33.1. ಗಂಡಸರಲ್ಲಿ ಇಂಥ ಏರಿಕೆ ಇರಲಿಲ್ಲ. ರಕ್ತದಲ್ಲಿ ಔಷಧದ ಪ್ರಮಾಣ ಹೆಂಗಸರಿಗೆ ಜಾಸ್ತಿಯಾದದ್ದು ಕಾರಣವಿರಬಹುದೆಂದು ಮುಂದೆ ಚರ್ಚೆಯಾಯಿತು. ಒಬ್ಬ ಮುದುಕಿಯಿಂದ ಬಂದ ಮದ್ದು ಹೆಂಗಸರಿಗೆ ಎಷ್ಟು ಒಗ್ಗುತ್ತದೆ ಎಂದು ಕೇಳಲು ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

ಈಗ ಸಕ್ಕರೆಗೆ ಮರಳೋಣ. ಹೃದಯ ವೈಫಲ್ಯ ಆಗಲೇ ಬಂದುಬಿಟ್ಟವರ ಗತಿಯೇನು? ಇದಕ್ಕೆ ಡೆನ್ಮಾರ್ಕಿನಿಂದ 2004ರಲ್ಲಿ ಒಂದು ಉತ್ತರ ಬಂತು. ಅಲ್ಲಿನ ಆಸ್ಪತ್ರೆಗಳಿಗೆ ಹೃದಯ ವೈಫಲ್ಯದಿಂದ ಸೇರಿದ್ದ 5,491 ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿದ್ದರು. ಅವರಲ್ಲಿ ಶೇ. 16 ಜನರಿಗೆ ಸಕ್ಕರೆ ಕಾಯಿಲೆ. ಅದರಿಂದ ಸಾವಿನ ಅಪಾಯ ಗಂಡಸರಲ್ಲಿ ಸುಮಾರು ಶೇ. 40ರಷ್ಟು ಏರಿದರೆ, ಹೆಂಗಸರಲ್ಲಿ ಸುಮಾರು ಶೇ. 70ರಷ್ಟು ಏರಿತ್ತು. ಅಂದರೆ ಕಾಯಿಲೆ ಬರಿಸುವುದರಲ್ಲಷ್ಟೇ ಅಲ್ಲ, ಬಂದ ಮೇಲೂ ಸಕ್ಕರೆ ಹೆಂಗಸರಿಗೆ ಹೆಚ್ಚು ಕಠಿಣ.

2019ರಲ್ಲಿ 47 ಅಧ್ಯಯನಗಳ 1 ಕೋಟಿ 20 ಲಕ್ಷ ಜನರ ಲೆಕ್ಕವನ್ನು ಒಟ್ಟುಗೂಡಿಸಿದರು. ನಮ್ಮಲ್ಲಿ ಹೆಚ್ಚಾಗಿರುವ ಎರಡನೆಯ ಬಗೆಯ, ಅಂದರೆ ಟೈಪ್ 2 ಸಕ್ಕರೆ ಕಾಯಿಲೆಯಿಂದ ಹೃದಯ ವೈಫಲ್ಯದ ಅಪಾಯ ಹೆಂಗಸರಲ್ಲಿ 1.95 ಪಟ್ಟು, ಗಂಡಸರಲ್ಲಿ 1.74 ಪಟ್ಟು. ಸಾಮಾನ್ಯವಾಗಿ ಎಳೆಯ ವಯಸ್ಸಿನಲ್ಲಿ ಬಂದು ಇನ್ಸುಲಿನ್ ಬೇಕೇಬೇಕಾಗುವ ಟೈಪ್ 1ರಲ್ಲಿ ಹೆಂಗಸರಿಗೆ 5.15, ಗಂಡಸರಿಗೆ 3.47 ಪಟ್ಟು. ಹಾಗಾಗಿ 1974ರ “ಐದು ಪಟ್ಟು” ಎಲ್ಲ ಕಾಲಕ್ಕೂ, ಎಲ್ಲರಿಗೂ ಸಲ್ಲುವ ಸಂಖ್ಯೆಯಲ್ಲ. ಆಗಿನ ಚಿಕಿತ್ಸೆ ಬೇರೆ, ಊರು ಒಂದೇ, ಅಲ್ಲಿನವರು ಹೆಚ್ಚುಕಡಿಮೆ ಎಲ್ಲರೂ ಬಿಳಿಯರು. ಟೈಪ್ 2ರಲ್ಲಿ ವ್ಯತ್ಯಾಸ ಸಣ್ಣದು. ಆದರೆ ಕೋಟಿಗಟ್ಟಲೆ ಹೆಂಗಸರಿಗೆ ಈ ಕಾಯಿಲೆಯಿರುವಾಗ ಸಣ್ಣ ವ್ಯತ್ಯಾಸದೊಳಗೂ ಬಹಳ ಜನ ಇರುತ್ತಾರೆ.

ಕಾರಣವೇನು? ಒಂದೇ ಉತ್ತರವಿಲ್ಲ, ಕೆಲವು ಎಳೆಗಳಿವೆ. ಸ್ಕಾಟ್ಲೆಂಡಿನ ದಾಖಲೆಗಳ ಪ್ರಕಾರ ಗಂಡಸರಲ್ಲಿ ಕಡಿಮೆ ತೂಕಕ್ಕೇ ಸಕ್ಕರೆ ಕಾಯಿಲೆ ಪತ್ತೆಯಾಗುತ್ತದೆ. ಹೆಂಗಸರ ಮೈ ಇನ್ನಷ್ಟು ತೂಕ ಹೊತ್ತು, ಇನ್ನಷ್ಟು ದೂರ ತಾಳಿಕೊಂಡು ಆಮೇಲೆ ಸೋಲುತ್ತದೆ. ಗೊತ್ತಾಗುವ ಹೊತ್ತಿಗೆ ಹೃದಯಕ್ಕೂ ರಕ್ತನಾಳಕ್ಕೂ ಆಗಬೇಕಾದ ಹಾನಿ ಶುರುವಾಗಿರುತ್ತದೆ. ಇನ್ನೊಂದು, ಹೆಂಗಸರಲ್ಲಿ ಹೃದಯ ದುರ್ಬಲವಾಗುವುದಕ್ಕಿಂತ ಬಿಗಿಯಾಗುವ ಬಗೆಯ ವೈಫಲ್ಯ ಹೆಚ್ಚು. ರಕ್ತ ತಳ್ಳುವ ಶಕ್ತಿ ಇರುತ್ತದೆ, ತುಂಬಿಕೊಳ್ಳುವಷ್ಟು ಸಡಿಲವಾಗದು. ಎಕೋ ವರದಿಯಲ್ಲಿ “ಪಂಪಿಂಗ್ ಚೆನ್ನಾಗಿದೆ” ಎಂದು ಬರೆದಿರುತ್ತದೆ, ಮನೆಯವರು ನೆಮ್ಮದಿಯಾಗಿ ಹೊರಡುತ್ತಾರೆ, ಏದುಸಿರು ಮಾತ್ರ ಹಾಗೇ ಇರುತ್ತದೆ.

ಮೂರನೆಯ ಎಳೆ ನಮ್ಮ ಮೈಸೂರಿನಲ್ಲಿದೆ. ಮಿಷನ್ ಆಸ್ಪತ್ರೆ ಎಂದು ಊರಿನವರು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಕೂಸುಗಳ ತೂಕವನ್ನು ಬರೆದಿಟ್ಟಿದ್ದರು. ಹುಟ್ಟುವಾಗಿನ ತೂಕಕ್ಕೂ ದೊಡ್ಡವರಾದ ಮೇಲಿನ ಹೃದ್ರೋಗಕ್ಕೂ ಇರುವ ನಂಟನ್ನು ತಿಳಿಯಲು ಆ ಹಳೆಯ ಪುಸ್ತಕಗಳು ನೆರವಾದವು. ಅದೇ ಆಸ್ಪತ್ರೆಯಲ್ಲಿ 1990ರ ದಶಕದ ಕೊನೆಗೆ ಬಸುರಿಯರ ಸಕ್ಕರೆಯನ್ನು ಪರೀಕ್ಷಿಸಿ, ಹೆರಿಗೆಯಾದ ಮೇಲೂ ತಾಯಂದಿರನ್ನು ಮತ್ತೆ ಕರೆದು ನೋಡಿದರು. ಬಸುರಿಯಲ್ಲಿ ಸಕ್ಕರೆ ಏರಿದ್ದವರ ಗುಂಪು ಸಣ್ಣದು, ಆದರೆ ಐದು ವರ್ಷದೊಳಗೆ ಅವರಲ್ಲಿ ಶೇ. 37 ಜನರಿಗೆ ಖಾಯಂ ಸಕ್ಕರೆ ಕಾಯಿಲೆ ಬಂದಿತ್ತು. ಉಳಿದ ತಾಯಂದಿರಲ್ಲಿ ಅದು ಶೇ. 2. ನಮ್ಮಲ್ಲಿ ಹೆರಿಗೆಯಾಯಿತು, ಸಕ್ಕರೆ ಇಳಿಯಿತು, ಬಾಣಂತನ ಮುಗಿಯಿತು ಎಂದ ಮೇಲೆ ಆ ಚೀಟಿ ಎಲ್ಲಿ ಹೋಯಿತೆಂದು ಯಾರೂ ಕೇಳುವುದಿಲ್ಲ. ಹೆಂಗಸಿನ ಹೃದಯದ ಚರಿತ್ರೆ ಎಷ್ಟೋ ಸಲ ಆ ಚೀಟಿಯಿಂದಲೇ ಶುರುವಾಗುತ್ತದೆ.

ನಾವು ದುಡಿಯುವ ಈ ಭಾಗದ ಲೆಕ್ಕವೂ ಇದೆ. 2012ರಲ್ಲಿ ಗಲ್ಫ್ ದೇಶಗಳು ಮತ್ತು ಯೆಮನ್ ಸೇರಿ ಏಳು ದೇಶಗಳ ಆಸ್ಪತ್ರೆಗಳು ಹೃದಯ ವೈಫಲ್ಯದಿಂದ ಸೇರಿದ 5,005 ರೋಗಿಗಳ ವಿವರ ದಾಖಲಿಸಿದವು. ಸರಾಸರಿ ವಯಸ್ಸು 59, ಪಾಶ್ಚಾತ್ಯ ದೇಶಗಳಿಗಿಂತ ಸುಮಾರು ಹತ್ತು ವರ್ಷ ಮುಂಚೆ. ಅರ್ಧದಷ್ಟು ಜನರಿಗೆ ಸಕ್ಕರೆ ಕಾಯಿಲೆ. ನಮ್ಮ ನೆರೆಯ ತಿರುವನಂತಪುರದಲ್ಲಿ 2013ರಲ್ಲಿ ಹೀಗೇ ಬರೆದಿಟ್ಟ 1,205 ರೋಗಿಗಳ ಸರಾಸರಿ ವಯಸ್ಸು 61, ಸಕ್ಕರೆ ಕಾಯಿಲೆ ಶೇ. 55 ಜನರಿಗೆ. ಅವರಲ್ಲಿ ಹೆಂಗಸರು ಶೇ. 31 ಮಾತ್ರ. ಈ ಕಡೆಯ ಸಂಖ್ಯೆ ನನ್ನನ್ನು ಕಾಡುತ್ತದೆ. ಅಲ್ಲಿನ ಹೆಂಗಸರಿಗೆ ಕಾಯಿಲೆ ಕಡಿಮೆಯೇ, ಅಥವಾ ಆಸ್ಪತ್ರೆಗೆ ಕರೆತಂದದ್ದು ಕಡಿಮೆಯೇ? ಆಸ್ಪತ್ರೆಯ ಪಟ್ಟಿ ಬಾಗಿಲು ದಾಟಿ ಒಳಗೆ ಬಂದವರನ್ನು ಮಾತ್ರ ಎಣಿಸುತ್ತದೆ. ನಡುಮನೆಯ ಕುರ್ಚಿಯಲ್ಲಿ ಕೂತೇ ನಿದ್ದೆ ಮಾಡುವವರು ಅದರಲ್ಲಿ ಬರುವುದಿಲ್ಲ.

ಒಳ್ಳೆಯ ಸುದ್ದಿಯೂ ಇದೆ. ಸಕ್ಕರೆ ಇಳಿಸಲೆಂದು ಬಂದ ಒಂದು ಬಗೆಯ ಮಾತ್ರೆ ಹೃದಯ ವೈಫಲ್ಯವನ್ನೂ ತಡೆಯುತ್ತದೆ ಎಂದು 2015ರಲ್ಲಿ ಗೊತ್ತಾಯಿತು. ಎಂಪಾಗ್ಲಿಫ್ಲೋಜಿನ್ ಅದರ ಹೆಸರು. ಹೆಚ್ಚಿನ ಸಕ್ಕರೆಯನ್ನು ಅದು ಮೂತ್ರದಲ್ಲಿ ಹೊರಹಾಕುತ್ತದೆ. 2021ರಲ್ಲಿ ಅದನ್ನು ಬಿಗಿ ಹೃದಯದ, ಅಂದರೆ ಹೆಂಗಸರಲ್ಲಿ ಹೆಚ್ಚಾಗಿರುವ ಬಗೆಯ ವೈಫಲ್ಯದಲ್ಲೇ ಪರೀಕ್ಷಿಸಿದರು. 5,988 ರೋಗಿಗಳಲ್ಲಿ ಶೇ. 45ರಷ್ಟು ಹೆಂಗಸರು, ಸುಮಾರು ಅರ್ಧ ಜನ ಸಕ್ಕರೆ ಕಾಯಿಲೆಯವರು. ಆಸ್ಪತ್ರೆಗೆ ಸೇರುವುದು ಕಡಿಮೆಯಾಯಿತು, ಹೆಂಗಸರಿಗೂ ಗಂಡಸರಿಗೂ ಒಂದೇ ತೆರನಾಗಿ. ವಿ-ಹೆಫ್ಟ್‌ನ 642 ಗಂಡಸರಿಂದ ಇಲ್ಲಿಗೆ ಬರಲು 35 ವರ್ಷ ಹಿಡಿಯಿತು. ಯಾರಿಗೆ ಯಾವ ಮಾತ್ರೆ ಎಂಬುದು ಅವರವರ ವೈದ್ಯರು ಹೇಳಬೇಕಾದ ಮಾತು. ನಾನು ಹೇಳುವುದು ಇಷ್ಟೇ: ಈಗ ದಾರಿಯಿದೆ, ಆದರೆ ಕಾಯಿಲೆ ಇದೆಯೆಂದು ಗೊತ್ತಾದವರಿಗೆ ಮಾತ್ರ.

ಬಂಧುಗಳೇ, ಈ ಚರಿತ್ರೆಯಿಂದ ನಾನು ಕಲಿತದ್ದು ಒಂದೇ. ಯಾರನ್ನು ಎಣಿಸುತ್ತೇವೆಯೋ ಅವರ ಕಾಯಿಲೆ ಮಾತ್ರ ಕಾಣುತ್ತದೆ. ಫ್ರಾಮಿಂಗ್‌ಹ್ಯಾಮ್‌ನವರು 2,873 ಹೆಂಗಸರನ್ನು ಎಣಿಸಿದ್ದರಿಂದ ಒಂದು ಸತ್ಯ ಕಂಡಿತು. ಆಮೇಲಿನವರು ಎಣಿಸದೆ ಬಿಟ್ಟದ್ದರಿಂದ ಅದು ದಶಕಗಟ್ಟಲೆ ಮರೆಗೆ ಸರಿಯಿತು. ನಮ್ಮ ಮನೆಗಳಲ್ಲೂ ಹಾಗೆಯೇ. ಇಲ್ಲಿ ಕಂಪನಿಯವರು ನಮಗೆ ಆರೋಗ್ಯ ತಪಾಸಣೆ ಮಾಡಿಸುತ್ತಾರೆ, ವಿಮೆ ಕೊಡುತ್ತಾರೆ. ಊರಿನಲ್ಲಿರುವ ಅಮ್ಮ, ಅತ್ತೆ, ಅಕ್ಕಂದಿರನ್ನು, ಇಲ್ಲೇ ಅಡುಗೆಮನೆಯಲ್ಲಿರುವ ಹೆಂಡತಿಯನ್ನು ಯಾವ ಕಂಪನಿಯೂ ಎಣಿಸುವುದಿಲ್ಲ. ಅವರನ್ನು ಎಣಿಸಬೇಕಾದವರು ನಾವು.

ಮುಂದಿನ ಸಲ ಊರಿಗೆ ಫೋನ್ ಮಾಡಿದಾಗ ಶುಗರ್ ಎಷ್ಟು ಎಂದು ಖಂಡಿತ ಕೇಳಿ. ಅದರ ಜೊತೆಗೆ ಇನ್ನು ನಾಲ್ಕು ಮಾತು ಕೇಳಿ. ರಾತ್ರಿ ಎಷ್ಟು ದಿಂಬು ಇಟ್ಟುಕೊಂಡು ಮಲಗುತ್ತೀ? ಚಪ್ಪಲಿ ಬಿಗಿಯಾಗುತ್ತಿದೆಯಾ? ಮೊದಲು ನಿಲ್ಲದೆ ನಡೆಯುತ್ತಿದ್ದ ದೇವಸ್ಥಾನದ ದಾರಿಯಲ್ಲಿ ಈಗ ಎಷ್ಟು ಕಡೆ ನಿಲ್ಲುತ್ತೀ? ಒಂದು ವಾರದಲ್ಲಿ ತೂಕ ಏರಿದೆಯಾ? ಉತ್ತರ ಸರಿಯೆನಿಸದಿದ್ದರೆ, ವಯಸ್ಸಾಯ್ತು ಬಿಡು ಎನ್ನುವ ಮೊದಲು ಒಬ್ಬ ವೈದ್ಯರಿಗೆ ತೋರಿಸಲು ಹೇಳಿ, ಜೊತೆಗೆ ಯಾರನ್ನಾದರೂ ಕಳಿಸಿ.

ನನ್ನ ಫೋನಿನಲ್ಲಿ ಅಮ್ಮನ ನಂಬರ್ ಇನ್ನೂ ಇದೆ. ಈ ನಾಲ್ಕು ಪ್ರಶ್ನೆಗಳನ್ನು ನಾನು ಆ ನಂಬರಿಗೆ ಕೇಳಲಾರೆ. ನಿಮ್ಮಲ್ಲಿ ಬಹಳ ಜನರಿಗೆ ಇನ್ನೂ ಕೇಳುವ ಅವಕಾಶವಿದೆ. ಮಧ್ಯಾಹ್ನದ ಊಟಕ್ಕೆ ಇನ್ನೂ ಅರ್ಧ ಗಂಟೆ ಇದೆಯಂತೆ, ಊರಿನಲ್ಲಿ ಈಗ ಅವರ ಊಟವೂ ಆಗಿರುತ್ತದೆ. ಹೊರಗೆ ಹೋಗಿ ಒಂದು ಫೋನ್ ಮಾಡಿ ಬನ್ನಿ.